ಪಿಟಿ ಜಾಸ್ತಿ ಬಂತಾ? ಮೊದಲು ಟ್ಯೂಬ್ ನೋಡಿ, ಆಮೇಲೆ ಲಿವರ್

ಪಿಟಿ, ಅಂದರೆ ರಕ್ತ ಹೆಪ್ಪಾಗಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುವ ಪ್ರೋಥ್ರಾಂಬಿನ್ ಟೈಮ್ ಪರೀಕ್ಷೆ. ಇದರ ರಿಪೋರ್ಟ್ ಜಾಸ್ತಿ ಬಂದ ತಕ್ಷಣ ಎಲ್ಲರ ಯೋಚನೆ ಲಿವರ್ ಕಡೆ ಹೋಗುತ್ತದೆ. ವಾರ್ಡಿನಿಂದ ಫೋನ್ ಬರುತ್ತದೆ, ಆಪರೇಷನ್ ಮುಂದಕ್ಕೆ ಹೋಗುತ್ತದೆ, ಮನೆಯವರು ಪ್ಲಾಸ್ಮಾಗೆ (ರಕ್ತಕಣ ಬಿಟ್ಟು ಉಳಿದ ತಿಳಿ ಭಾಗ) ಓಡಾಡುತ್ತಾರೆ. ಎಷ್ಟೋ ಸಲ ತಪ್ಪು ರೋಗಿಯ ಮೈಯಲ್ಲಿ ಇರುವುದೇ ಇಲ್ಲ, ಅರ್ಧ ತುಂಬಿದ ಟ್ಯೂಬಿನಲ್ಲಿ ಇರುತ್ತದೆ. ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸಬರು, ರಕ್ತ ತೆಗೆಯುವ ಸಿಸ್ಟರ್‌ಗಳು, ರಕ್ತ ಹೆಪ್ಪುಗಟ್ಟದಂತೆ ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆ ನುಂಗುತ್ತಾ ಆಗಾಗ ಐಎನ್‌ಆರ್ (ಪಿಟಿಯಿಂದ ಲೆಕ್ಕ ಹಾಕುವ ಅಂಕಿ) ಮಾಡಿಸುವವರು, ಇವರಿಗೆಲ್ಲ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹುಡುಕುವ ಕ್ರಮ ಹೀಗೆ: ಮೊದಲು ಟ್ಯೂಬ್, ಆಮೇಲೆ ರೀಏಜೆಂಟ್ (ಪರೀಕ್ಷೆಗೆ ಹಾಕುವ ದ್ರಾವಣ), ಆಮೇಲೆ ಲೆಕ್ಕ, ಕೊನೆಗೆ ರೋಗಿ. ಮೊದಲ ಮೂರಕ್ಕೆ ಖರ್ಚು ಹೆಚ್ಚುಕಮ್ಮಿ ಸೊನ್ನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೋಗಿಗೆ ಕಣ್ಣೆದುರೇ ರಕ್ತ ಹೋಗುತ್ತಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲದಿದ್ದರೆ ಅಥವಾ ಹಾವು ಕಚ್ಚಿದ್ದರೆ ಈ ಕ್ರಮ ಹಿಡಿದು ಕೂರಬೇಡಿ. ಬಂದ ನಂಬರನ್ನು ಡಾಕ್ಟರಿಗೆ ಆಗಲೇ ತಿಳಿಸಿ, ಹೊಸ ಸ್ಯಾಂಪಲ್ ಕೇಳಿ. ಚಿಕಿತ್ಸೆ ಒಂದು ಕಡೆ ನಡೆಯಲಿ, ನಿಮ್ಮ ಹುಡುಕಾಟ ಇನ್ನೊಂದು ಕಡೆ ನಡೆಯಲಿ.

ಈ ಪರೀಕ್ಷೆ ನಿಜಕ್ಕೂ ಅಳೆಯುವುದು ಏನು?

ಇದು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಿರಿ ಅಂತಿಟ್ಟುಕೊಳ್ಳಿ. ಹೆಪ್ಪುಗಟ್ಟುವ ಕೆಲಸಕ್ಕೆ ಮೊದಲ ಸೂಚನೆ ಕೊಡುವ ವಸ್ತು ರಕ್ತದಲ್ಲಿ ಹರಿಯುತ್ತಿರುವುದಿಲ್ಲ. ಅದು ರಕ್ತನಾಳದ ಹೊರಗಿನ ಪದರದಲ್ಲಿರುವ ಜೀವಕೋಶಗಳ ಮೈಮೇಲೆ ನಾಟಿಕೊಂಡಿರುತ್ತದೆ. ಅದರ ಹೆಸರು ಟಿಶ್ಯೂ ಫ್ಯಾಕ್ಟರ್, ಹಳೇ ಪಟ್ಟಿಯಲ್ಲಿ ಫ್ಯಾಕ್ಟರ್ 3. ಮಿದುಳು, ಶ್ವಾಸಕೋಶ ಮತ್ತು ಬಸಿರಿನ ಮಾಸಿನಲ್ಲಿ ಇದು ತುಂಬಾ ಇದೆ. ನಾಳ ಗಟ್ಟಿಯಾಗಿರುವಷ್ಟು ದಿನ ರಕ್ತಕ್ಕೂ ಇದಕ್ಕೂ ಭೇಟಿಯೇ ಆಗುವುದಿಲ್ಲ. ನಾಳ ಹರಿದಾಗ ಆಗುತ್ತದೆ.

ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಿಗೆ ಫ್ಯಾಕ್ಟರ್ ಅಂತ ಹೆಸರು, ಒಂದೊಂದಕ್ಕೂ ಒಂದು ನಂಬರ್. ಆಗ ರಕ್ತದಲ್ಲಿರುವ ಫ್ಯಾಕ್ಟರ್ 7 ಬಂದು ಟಿಶ್ಯೂ ಫ್ಯಾಕ್ಟರಿಗೆ ಅಂಟಿಕೊಳ್ಳುತ್ತದೆ. ಫ್ಯಾಕ್ಟರ್ 7ರಲ್ಲಿ ಸುಮಾರು 1 ಶೇಕಡಾ ಭಾಗ ಮೊದಲೇ ಚುರುಕಾದ ರೂಪದಲ್ಲಿ ಓಡಾಡುತ್ತಿರುತ್ತದೆ, ಆದ್ದರಿಂದ ಶುರುವಾಗಲು ತಡವಾಗುವುದಿಲ್ಲ. ಈ ಜೋಡಿ ಫ್ಯಾಕ್ಟರ್ 10 ಮತ್ತು ಫ್ಯಾಕ್ಟರ್ 9 ಎರಡನ್ನೂ ಎಬ್ಬಿಸುತ್ತದೆ. ಎದ್ದ ಫ್ಯಾಕ್ಟರ್ 10, ಫ್ಯಾಕ್ಟರ್ 5ರ ಜೊತೆ ಸೇರಿ ಪ್ರೋಥ್ರಾಂಬಿನ್ನನ್ನು ಥ್ರಾಂಬಿನ್ ಮಾಡುತ್ತದೆ. ಥ್ರಾಂಬಿನ್ ಫೈಬ್ರಿನೋಜನ್ನನ್ನು ಫೈಬ್ರಿನ್ ದಾರವಾಗಿಸುತ್ತದೆ. ಇವೆಲ್ಲಕ್ಕೂ ಕ್ಯಾಲ್ಸಿಯಂ ಬೇಕು, ಕೊಬ್ಬಿನ ಪೊರೆಯೂ ಬೇಕು.

ಒಂದು ವಿಷಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೈಯೊಳಗೆ ಈ ಮೊದಲ ಸುತ್ತಿನಲ್ಲಿ ಹುಟ್ಟುವ ಥ್ರಾಂಬಿನ್ ಬಹಳ ಕಮ್ಮಿ. ಟಿಎಫ್‌ಪಿಐ ಅನ್ನೋ ಪ್ರೋಟೀನ್ ಬೇಗನೇ ಬಂದು ಟಿಶ್ಯೂ ಫ್ಯಾಕ್ಟರ್ ಮತ್ತು 7ರ ಜೋಡಿಯನ್ನು ಕಟ್ಟಿಹಾಕಿಬಿಡುತ್ತದೆ. ಅಷ್ಟರೊಳಗೆ ಹುಟ್ಟಿದ ಚೂರು ಥ್ರಾಂಬಿನ್ ಪ್ಲೇಟ್‌ಲೆಟ್‌ಗಳನ್ನು ಎಬ್ಬಿಸುತ್ತದೆ, ಫ್ಯಾಕ್ಟರ್ 5, 8, 11ನ್ನೂ ಎಬ್ಬಿಸುತ್ತದೆ. ಮುಂದೆ 8 ಮತ್ತು 9 ಸೇರಿ ಪ್ಲೇಟ್‌ಲೆಟ್ ಮೇಲೆ ಮತ್ತಷ್ಟು ಫ್ಯಾಕ್ಟರ್ 10ನ್ನು ಎಬ್ಬಿಸಿದರೆ ಮಾತ್ರ ಗಟ್ಟಿ ಹೆಪ್ಪಾಗುವಷ್ಟು ಥ್ರಾಂಬಿನ್ ಬರುತ್ತದೆ. ಬೆಂಕಿಕಡ್ಡಿ ಗೀರಿದರೆ ಸಾಲದು, ಸೌದೆಗೂ ಹತ್ತಬೇಕು ಅಲ್ವಾ, ಹಾಗೆ.

1935ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ಪಿಟಿ ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಮಾಡುವುದು ಇಷ್ಟೇ. ಸಿಟ್ರೇಟ್ ಹಾಕಿ ಹೆಪ್ಪುಗಟ್ಟದಂತೆ ತಡೆದ ಪ್ಲಾಸ್ಮಾ 0.1 ಮಿಲಿ ತೆಗೆದುಕೊಂಡು, 37 ಡಿಗ್ರಿಗೆ ಬೆಚ್ಚಗೆ ಮಾಡಿ, ಅದಕ್ಕೆ ಥ್ರಾಂಬೋಪ್ಲಾಸ್ಟಿನ್ 0.2 ಮಿಲಿ ಹಾಕಿ, ಎಷ್ಟು ಸೆಕೆಂಡಿಗೆ ಹೆಪ್ಪಾಗುತ್ತದೆ ಅಂತ ನೋಡುವುದು. ಥ್ರಾಂಬೋಪ್ಲಾಸ್ಟಿನ್ ಅಂದರೆ ಟಿಶ್ಯೂ ಫ್ಯಾಕ್ಟರ್, ಕೊಬ್ಬಿನ ಪೊರೆ, ಕ್ಯಾಲ್ಸಿಯಂ ಮೂರೂ ಸೇರಿದ ರೀಏಜೆಂಟ್. ಕೆಲವದ್ದು ಮೊಲದ ಮಿದುಳಿನಿಂದ ಬರುತ್ತದೆ, ಕೆಲವದ್ದರಲ್ಲಿ ಲ್ಯಾಬಿನಲ್ಲೇ ತಯಾರಿಸಿದ ಮನುಷ್ಯರ ಟಿಶ್ಯೂ ಫ್ಯಾಕ್ಟರ್ ಇರುತ್ತದೆ. ಸಾಮಾನ್ಯವಾಗಿ 11ರಿಂದ 14 ಸೆಕೆಂಡಿನ ಆಸುಪಾಸಿನಲ್ಲಿ ಹೆಪ್ಪಾಗುತ್ತದೆ. ನಿಮ್ಮ ರೀಏಜೆಂಟಿಗೆ ಇದು ಒಂಚೂರು ಆಚೀಚೆ ಇರಬಹುದು.

ಅಂದರೆ ಟಿಶ್ಯೂ ಫ್ಯಾಕ್ಟರನ್ನು ನಾವೇ ಧಾರಾಳವಾಗಿ ಸುರಿಯುತ್ತೇವೆ. ರೋಗಿಯ ಟಿಶ್ಯೂ ಫ್ಯಾಕ್ಟರ್ ಇಲ್ಲಿ ಅಳತೆಗೆ ಬರುವುದೇ ಇಲ್ಲ. ಅಳತೆಗೆ ಬರುವುದು ಫ್ಯಾಕ್ಟರ್ 7, 10, 5, 2 (ಅಂದರೆ ಪ್ರೋಥ್ರಾಂಬಿನ್) ಮತ್ತು ಫೈಬ್ರಿನೋಜನ್ ಮಾತ್ರ. 8, 9, 11, 13 ಮತ್ತು ಪ್ಲೇಟ್‌ಲೆಟ್ ಬಗ್ಗೆ ಪಿಟಿ ಏನೂ ಹೇಳುವುದಿಲ್ಲ. ಇದನ್ನು ಗೋಡೆಯ ಮೇಲೆ ಬರೆದು ಅಂಟಿಸಿದರೂ ತಪ್ಪಿಲ್ಲ.

ಒಬ್ಬರ ಪಿಟಿ ದಿಢೀರ್ ಜಾಸ್ತಿ, ರೋಗಿ ಮಾತ್ರ ಆರಾಮಾಗಿದ್ದಾರೆ

ಟ್ಯೂಬನ್ನು ಕೈಗೆತ್ತಿಕೊಳ್ಳಿ. ಗ್ಲೌಸ್ ಹಾಕಿಕೊಂಡೇ.

ಮೊದಲು ಮಟ್ಟ ನೋಡಿ. ತಿಳಿ ನೀಲಿ ಮುಚ್ಚಳದ ಟ್ಯೂಬಿನಲ್ಲಿ 3.2 ಶೇಕಡಾ ಸೋಡಿಯಂ ಸಿಟ್ರೇಟ್ ಇರುತ್ತದೆ. 9 ಭಾಗ ರಕ್ತಕ್ಕೆ 1 ಭಾಗ ಸಿಟ್ರೇಟ್, ಇದು ಲೆಕ್ಕ. 2.7 ಮಿಲಿ ಟ್ಯೂಬಿನಲ್ಲಿ 0.3 ಮಿಲಿ ಸಿಟ್ರೇಟ್ ಮೊದಲೇ ಕೂತಿದೆ. ಅದಕ್ಕೆ 2.7 ಮಿಲಿ ರಕ್ತವೇ ಬೀಳಬೇಕು. 2 ಮಿಲಿ ಮಾತ್ರ ಬಿದ್ದರೆ ಸಿಟ್ರೇಟ್ ಜಾಸ್ತಿಯಾಗುತ್ತದೆ, ಅದು ರೀಏಜೆಂಟಿನ ಕ್ಯಾಲ್ಸಿಯಂ ಅನ್ನೂ ಹಿಡಿದುಕೊಳ್ಳುತ್ತದೆ, ಪಿಟಿ ಸುಮ್ನೆ ಉದ್ದವಾಗುತ್ತದೆ. ಗೆರೆಗಿಂತ ಶೇಕಡಾ 10ಕ್ಕೂ ಹೆಚ್ಚು ಕಮ್ಮಿ ತುಂಬಿದ್ದರೆ ಪರೀಕ್ಷೆ ಮಾಡಬೇಡಿ, ಬೇರೆ ಸ್ಯಾಂಪಲ್ ಕೇಳಿ. ಎರಡು ಅರ್ಧ ಟ್ಯೂಬ್‌ಗಳನ್ನು ಒಂದಕ್ಕೆ ಸುರಿದು ತುಂಬಿಸುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಸಿಟ್ರೇಟೂ ಎರಡರಷ್ಟಾಗುತ್ತದೆ.

ಆಮೇಲೆ ಹೆಪ್ಪು ಹುಡುಕಿ. ಮುಚ್ಚಳ ತೆಗೆದು ಎರಡು ಮರದ ಕಡ್ಡಿಗಳನ್ನು ನಿಧಾನವಾಗಿ ಒಳಗೆ ತಿರುಗಿಸಿ ಮೇಲಕ್ಕೆತ್ತಿ. ಕಡ್ಡಿಯ ತುದಿಗೆ ಸಣ್ಣ ಕೆಂಪು ಎಳೆ ಅಂಟಿಕೊಂಡು ಬಂದರೂ ಆ ಸ್ಯಾಂಪಲ್ ಕೆಲಸಕ್ಕೆ ಬಾರದು. ಈ ಎಳೆ ಎಲ್ಲಿಂದ ಬಂತು ಗೊತ್ತಾ? ನರ ಸಿಗದೆ ಸೂಜಿಯನ್ನು ಒಳಗೇ ಆಚೀಚೆ ಆಡಿಸಿದಾಗ ಸುತ್ತಲಿನ ಮಾಂಸದ ರಸ ಸಿರಿಂಜಿಗೆ ಬರುತ್ತದೆ. ಆ ರಸದಲ್ಲಿ ಟಿಶ್ಯೂ ಫ್ಯಾಕ್ಟರ್ ಇದೆ. ಪರೀಕ್ಷೆಯಲ್ಲಿ ನಾವು ಹಾಕಬೇಕಾದ್ದು ಸೂಜಿಯಲ್ಲೇ ಬಂದು ಸೇರಿಬಿಟ್ಟಿತು! ಹೆಪ್ಪುಗಟ್ಟುವುದು ಟ್ಯೂಬಿನಲ್ಲೇ ಶುರುವಾಗಿ, ಫ್ಯಾಕ್ಟರ್‌ಗಳು ಅಲ್ಲೇ ಖರ್ಚಾಗುತ್ತವೆ. ಪಿಟಿ ಕೆಲವೊಮ್ಮೆ ತೀರಾ ಕಮ್ಮಿ ಬರುತ್ತದೆ, ಕೆಲವೊಮ್ಮೆ ತೀರಾ ಜಾಸ್ತಿ. ಎರಡೂ ಸುಳ್ಳು. ಕಷ್ಟಪಟ್ಟು ತೆಗೆದ ರಕ್ತ ಅಂತ ಸಿಸ್ಟರ್ ಹೇಳಿದರೆ ಆ ಮಾತನ್ನು ಬರೆದಿಟ್ಟುಕೊಳ್ಳಿ. ಅದು ದೊಡ್ಡ ಸುಳಿವು.

ರಕ್ತ ಎಲ್ಲಿಂದ ತೆಗೆದರು ಅಂತಲೂ ಕೇಳಿ. ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆದರೆ ರಕ್ತ ನೀರಾಗಿರುತ್ತದೆ. ಡಯಾಲಿಸಿಸ್ ನಳಿಕೆಯಿಂದ ತೆಗೆದರೆ ಹೆಪ್ಪು ತಡೆಯುವ ಹೆಪಾರಿನ್ ಸೇರಿರುತ್ತದೆ. ನೇರಳೆ ಮುಚ್ಚಳದ ಟ್ಯೂಬಿಗೆ ಮೊದಲು ಹಾಕಿ ಆಮೇಲೆ ನೀಲಿಗೆ ಹಾಕಿದರೆ ನೇರಳೆ ಟ್ಯೂಬಿನ ಹೆಪ್ಪು ತಡೆಯುವ ರಾಸಾಯನಿಕ ಇಡಿಟಿಎ ಬಂದು ಸೇರಿರಬಹುದು. ನೀಲಿ ಟ್ಯೂಬ್ ನೇರಳೆ ಮತ್ತು ಹಸಿರಿಗಿಂತ ಮೊದಲು ತುಂಬಬೇಕು. ಬಟರ್‌ಫ್ಲೈ ಸೂಜಿಯಾದರೆ ಮೊದಲು ಒಂದು ಟ್ಯೂಬ್ ತುಂಬಿ ಬಿಸಾಕಿ, ಏಕೆಂದರೆ ನಳಿಕೆಯ ಗಾಳಿ ನೀಲಿ ಟ್ಯೂಬಿನ ಅಳತೆ ಕೆಡಿಸುತ್ತದೆ.

ಹಿಮೊಗ್ಲೋಬಿನ್ ತುಂಬಾ ಜಾಸ್ತಿ ಇರುವವರಲ್ಲಿ, ಉದಾಹರಣೆಗೆ ಹುಟ್ಟಿನಿಂದ ಹೃದಯದ ತೊಂದರೆ ಇದ್ದು ಮೈ ನೀಲಿಗಟ್ಟುವ ಮಕ್ಕಳಲ್ಲಿ, ಟ್ಯೂಬ್ ಗೆರೆಯ ತನಕ ತುಂಬಿದರೂ ಪಿಟಿ ಸುಳ್ಳೇ ಜಾಸ್ತಿ ಬರುತ್ತದೆ. ಕೆಂಪು ಕಣವೇ ಜಾಗ ತುಂಬಿಕೊಂಡು ಪ್ಲಾಸ್ಮಾ ಕಮ್ಮಿ ಇರುತ್ತದೆ, ಸಿಟ್ರೇಟ್ ಆ ಕಮ್ಮಿ ಪ್ಲಾಸ್ಮಾಗೆ ಜಾಸ್ತಿಯಾಗುತ್ತದೆ. ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಶೇಕಡಾ ಪಾಲು) 55 ದಾಟಿದರೆ ಸಿಟ್ರೇಟ್ ಇಳಿಸಬೇಕು. ಲೆಕ್ಕ ಹೀಗೆ: ನೂರರಿಂದ ಹೆಮಟೊಕ್ರಿಟ್ ಕಳೆಯಿರಿ, ರಕ್ತದ ಮಿಲಿಯಿಂದ ಗುಣಿಸಿ, ಮತ್ತೆ 0.00185ರಿಂದ ಗುಣಿಸಿ. ಹೆಮಟೊಕ್ರಿಟ್ 60, ರಕ್ತ 2.7 ಮಿಲಿ ಆದರೆ ಬೇಕಾದ ಸಿಟ್ರೇಟ್ ಸುಮಾರು 0.2 ಮಿಲಿ. ಅಂದರೆ ಟ್ಯೂಬಿನಲ್ಲಿರುವ 0.3 ಮಿಲಿಯಲ್ಲಿ 0.1 ಮಿಲಿ ತೆಗೆದು, ಆಮೇಲೆ ರಕ್ತ ಹಾಕಬೇಕು. ಬಹಳ ಮಕ್ಕಳ ಹಲ್ಲಿನ ಆಪರೇಷನ್, ಹೃದಯದ ಆಪರೇಷನ್ ಈ ಒಂದು ಚಿಕ್ಕ ಲೆಕ್ಕಕ್ಕಾಗಿ ಕಾಯುವುದು ಬೇಡ.

ತಾಲೂಕಿನಿಂದ ಬಸ್ಸಿನಲ್ಲಿ ಬರುವ ಸ್ಯಾಂಪಲ್ ಆದರೆ ಎರಡು ಪ್ರಶ್ನೆ. ಎಷ್ಟು ಹೊತ್ತಾಯಿತು? ಐಸ್ ಮೇಲೆ ಬಂತಾ? ಮುಚ್ಚಳ ತೆಗೆಯದ ಟ್ಯೂಬ್ ರೂಮಿನ ಸಾಮಾನ್ಯ ಉಷ್ಣತೆಯಲ್ಲಿ ಪಿಟಿಗೆ 24 ಗಂಟೆ ತಡೆದುಕೊಳ್ಳುತ್ತದೆ. ಎಪಿಟಿಟಿಗೆ (ಫ್ಯಾಕ್ಟರ್ 8, 9, 11 ಕಡೆಯ ದಾರಿ ನೋಡುವ ಇನ್ನೊಂದು ಹೆಪ್ಪಿನ ಪರೀಕ್ಷೆ) 4 ಗಂಟೆ ಅಷ್ಟೇ. ಐಸ್ ಬೇಡ. ತಣ್ಣಗಾದರೆ ಫ್ಯಾಕ್ಟರ್ 7 ತಾನಾಗೇ ಚುರುಕಾಗಿ, ಉದ್ದ ಇರಬೇಕಾದ ಪಿಟಿ ಸರಿ ಇರುವಂತೆ ಕಾಣಬಹುದು. ಇದು ಇನ್ನೂ ಅಪಾಯ, ಏಕೆಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಇಷ್ಟೆಲ್ಲ ಸರಿ ಇದ್ದೂ ಹೊಸ ಸ್ಯಾಂಪಲ್ಲಿನಲ್ಲಿ ಅದೇ ನಂಬರ್ ಬಂದರೆ, ನಂಬರನ್ನು ನಂಬಿ.

ಬೆಳಗಿನಿಂದ ಬಂದವರೆಲ್ಲರ ಪಿಟಿಯೂ ಜಾಸ್ತಿ

ಒಂದೇ ದಿನ ಊರಿನವರಿಗೆಲ್ಲ ಲಿವರ್ ಕೆಡುವುದಿಲ್ಲ. ಕಂಟ್ರೋಲ್ (ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಪ್ಲಾಸ್ಮಾ) ಹಾಕಿ. ಸಾಮಾನ್ಯದ್ದು ಒಂದು, ಜಾಸ್ತಿಯದ್ದು ಒಂದು. ಕಂಟ್ರೋಲೂ ಜಾಸ್ತಿ ಬಂದರೆ ರಿಪೋರ್ಟ್ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ.

ವಾಟರ್ ಬಾತ್ ಅಥವಾ ಮಷೀನಿನ ಬಿಸಿ ಮೊದಲು ನೋಡಿ. ಡಿಸ್‌ಪ್ಲೇ ನಂಬಬೇಡಿ, ಥರ್ಮಾಮೀಟರ್ ಮುಳುಗಿಸಿ. ಕರೆಂಟ್ ಹೋಗಿ ಬಂದ ಮೇಲೆ ನೀರು 37ಕ್ಕೆ ಏರುವ ಮುಂಚೆ ಕೆಲಸ ಶುರು ಮಾಡಿದರೆ ಎಲ್ಲವೂ ಉದ್ದವಾಗುತ್ತದೆ. ಥ್ರಾಂಬೋಪ್ಲಾಸ್ಟಿನ್ ಫ್ರಿಜ್ಜಿನಿಂದ ತೆಗೆದು ನೇರವಾಗಿ ಹಾಕಿದರೂ ಹಾಗೇ.

ಆಮೇಲೆ ಬಾಟಲಿ. ಟಿಶ್ಯೂ ಫ್ಯಾಕ್ಟರ್ ಕೊಬ್ಬಿನ ಪೊರೆಯಲ್ಲಿ ಸಿಕ್ಕಿಕೊಂಡಿರುವ ಪ್ರೋಟೀನ್. ಪೊರೆ ಇಲ್ಲದೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊಲದ ಮಿದುಳಿನ ರೀಏಜೆಂಟಿನಲ್ಲಿ ಇದು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಪಿಪೆಟ್ಟಿನಲ್ಲಿ ಎಳೆದರೆ ನೀವು ಹಾಕಿದ್ದು ಹೆಚ್ಚೂಕಡಿಮೆ ಕ್ಯಾಲ್ಸಿಯಂ ನೀರು. ಪ್ರತಿ ಸಲ ಬಾಟಲಿಯನ್ನು ಮೆಲ್ಲಗೆ ಸುತ್ತಿಸಿ, ನೊರೆ ಬರುವಂತೆ ಕುಲುಕಬೇಡಿ. 2ರಿಂದ 8 ಡಿಗ್ರಿಯಲ್ಲಿ ಇಡಿ, ಫ್ರೀಜರಿಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಪೊರೆ ಒಡೆಯುತ್ತದೆ. ಪುಡಿಯ ರೂಪದ್ದಾದರೆ ನೀರು ಬೆರೆಸಿದ ದಿನ, ಗಂಟೆ ಬಾಟಲಿಯ ಮೇಲೇ ಬರೆಯಿರಿ. ನಿನ್ನೆ ಉಳಿದದ್ದಕ್ಕೆ ಇವತ್ತಿನದನ್ನು ಸೇರಿಸಬೇಡಿ.

ಹೊಸ ಬಾಟಲಿ ತೆಗೆದ ಮೇಲೂ ಕಂಟ್ರೋಲ್ ಸರಿಯಾಗದಿದ್ದರೆ ಪಿಪೆಟ್ಟಿನ ಅಳತೆ, ನೀರಿನ ಶುದ್ಧತೆ ನೋಡಿ. ಅಲ್ಲಿಗೂ ಸರಿಯಾಗದಿದ್ದರೆ ಮಷೀನಿನವರನ್ನು ಕರೆಯುವ ಹೊತ್ತು. ಅಲ್ಲಿಯವರೆಗೆ ಸ್ಯಾಂಪಲ್‌ಗಳನ್ನು ಬೇರೆ ಲ್ಯಾಬಿಗೆ ಕಳಿಸಿ.

ಸೆಕೆಂಡ್ ಸರಿ ಕಾಣುತ್ತದೆ, ಐಎನ್‌ಆರ್ ಮಾತ್ರ ಎಡವಟ್ಟು

ಎರಡು ಲ್ಯಾಬ್, ಎರಡು ಐಎನ್‌ಆರ್. ಹೃದಯದ ಕವಾಟ ಬದಲಿಸಿಕೊಂಡವರ ಮನೆಗಳಲ್ಲಿ ಈ ಗೋಳು ಮಾಮೂಲಿ.

ಒಂದೊಂದು ಥ್ರಾಂಬೋಪ್ಲಾಸ್ಟಿನ್ ಒಂದೊಂದು ರೀತಿ. ಅದರ ಚುರುಕುತನಕ್ಕೆ ಕಂಪನಿಯವರು ಐಎಸ್‌ಐ ಅನ್ನೋ ಅಂಕಿ ಕೊಡುತ್ತಾರೆ. ರೋಗಿಯ ಪಿಟಿಯನ್ನು ಆರೋಗ್ಯವಂತರ ಸರಾಸರಿ ಪಿಟಿಯಿಂದ ಭಾಗಿಸಿ, ಬಂದದ್ದನ್ನು ಐಎಸ್‌ಐ ಘಾತಕ್ಕೆ ಏರಿಸಿದರೆ ಐಎನ್‌ಆರ್. ಸರಾಸರಿ 12 ಸೆಕೆಂಡ್, ರೋಗಿಯದ್ದು 30 ಸೆಕೆಂಡ್ ಅಂತಿಟ್ಟುಕೊಳ್ಳಿ. ಐಎಸ್‌ಐ 1.0 ಆದರೆ ಐಎನ್‌ಆರ್ 2.5. ಐಎಸ್‌ಐ 1.3 ಆದರೆ 3.3. ಅದೇ ರಕ್ತ, ಅದೇ ಸೆಕೆಂಡ್. ರೀಏಜೆಂಟಿನ ಹೊಸ ಲಾಟ್ (ತಯಾರಿಕೆಯ ಹೊಸ ಕಂತು) ಬಂದಾಗ ಮಷೀನಿನಲ್ಲಿ ಹಳೇ ಐಎಸ್‌ಐ ಹಾಗೇ ಉಳಿದರೆ ಒಬ್ಬರ ಮಾತ್ರೆ ತಪ್ಪಾಗಿ ಏರುತ್ತದೆ ಅಥವಾ ಇಳಿಯುತ್ತದೆ. ಕವಾಟದ ಮೇಲೆ ಹೆಪ್ಪು ಕೂರುವುದೂ, ಮಿದುಳಿನಲ್ಲಿ ರಕ್ತ ಸೋರುವುದೂ ಈ ಒಂದು ಅಂಕಿಯಿಂದ ಆಗಬಹುದು.

ಹಾಗಾಗಿ ಲಾಟ್ ಬದಲಾದ ದಿನ ಡಬ್ಬಿಯೊಳಗಿನ ಚೀಟಿ ತೆಗೆದು ಐಎಸ್‌ಐ ಹೊಸದಾಗಿ ಹಾಕಿ. ಚೀಟಿಯಲ್ಲಿ ನಿಮ್ಮ ಮಷೀನಿನ ಎದುರು ಯಾವ ಅಂಕಿ ಇದೆ ಅಂತ ನೋಡಿ, ಒಂದೇ ರೀಏಜೆಂಟಿಗೆ ಮಷೀನ್ ಬದಲಾದರೆ ಐಎಸ್‌ಐ ಕೂಡ ಬದಲಾಗುತ್ತದೆ. ಸರಾಸರಿ ಪಿಟಿಯನ್ನೂ ಕನಿಷ್ಠ 20 ಆರೋಗ್ಯವಂತರ ರಕ್ತದಿಂದ ಹೊಸದಾಗಿ ತೆಗೆಯಿರಿ. ಆವತ್ತಿನ ಒಂದು ಕಂಟ್ರೋಲ್ ಅಂಕಿಯನ್ನೇ ಸರಾಸರಿ ಅಂತ ಬಳಸುವುದು ತಪ್ಪು.

ಮಾತ್ರೆ ನುಂಗುವವರಿಗೆ ಒಂದು ಮಾತು. ಆದಷ್ಟು ಒಂದೇ ಲ್ಯಾಬಿಗೆ ಹೋಗಿ. ಪುಸ್ತಕದಲ್ಲಿ ಐಎನ್‌ಆರ್ ಜೊತೆಗೆ ಮಾತ್ರೆಯ ಅಳತೆಯನ್ನೂ ಬರೆದಿಡಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಎರಡು ನುಂಗಬೇಡಿ. ಬಸಳೆ, ಪಾಲಕ್, ಹರಿವೆ ಬಿಡಬೇಕಾಗಿಲ್ಲ, ವಾರ ವಾರ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು. ಜ್ವರಕ್ಕೋ ಭೇದಿಗೋ ಬೇರೆ ಮಾತ್ರೆ ಕೊಟ್ಟರೆ ಅಸಿಟ್ರಾಮ್ ವಿಷಯ ಹೇಳಿ. ಮೆಟ್ರೊನಿಡಜೋಲ್, ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ, ತಲೆಗೆ ಪೆಟ್ಟಾದರೆ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಪಿಟಿ ಜಾಸ್ತಿ, ಎಪಿಟಿಟಿ ಸರಿ

ಈಗ ರೋಗಿಯ ಕಡೆ ಬಂದೆವು. ಪಿಟಿಯಲ್ಲಿ ಇದ್ದು ಎಪಿಟಿಟಿಯಲ್ಲಿ ಇಲ್ಲದ ಒಂದೇ ಒಂದು ಹೆಸರು ಫ್ಯಾಕ್ಟರ್ 7. ಟಿಶ್ಯೂ ಫ್ಯಾಕ್ಟರಿಗೆ ಅಂಟಿಕೊಳ್ಳಬೇಕಾದ ಜೊತೆಗಾರನೇ ಕಮ್ಮಿಯಾಗಿದ್ದಾನೆ ಅಂತ ಅರ್ಥ.

ಸಾಮಾನ್ಯ ಕಾರಣ ವಿಟಮಿನ್ ಕೆ ಕೊರತೆಯ ಶುರುವಾತು, ಮಾತ್ರೆಯ ಮೊದಲ ದಿನಗಳು ಅಥವಾ ಲಿವರ್ ತೊಂದರೆಯ ಆರಂಭ. ಫ್ಯಾಕ್ಟರ್ 7ರ ಆಯಸ್ಸು ಎಲ್ಲಕ್ಕಿಂತ ಕಮ್ಮಿ, 4ರಿಂದ 6 ಗಂಟೆಗೆ ಅರ್ಧವಾಗುತ್ತದೆ. ಪ್ರೋಥ್ರಾಂಬಿನ್ ಅರ್ಧವಾಗಲು 60 ಗಂಟೆಗೂ ಮೇಲೆ ಬೇಕು. ಹಾಗಾಗಿ ವಾರ್ಫರಿನ್ ಶುರು ಮಾಡಿದ ಎರಡು ಮೂರು ದಿನಕ್ಕೆ ಐಎನ್‌ಆರ್ ಏರಿದರೂ ರಕ್ಷಣೆ ಪೂರ್ತಿ ಬಂದಿರುವುದಿಲ್ಲ. ಅದಕ್ಕೇ ಆ ದಿನಗಳಲ್ಲಿ ಡಾಕ್ಟರ್ ಹೆಪಾರಿನ್ ಮುಂದುವರಿಸುವುದು. ಐಎನ್‌ಆರ್ 2 ಬಂತು, ಇಂಜೆಕ್ಷನ್ ಯಾಕೆ ಇನ್ನೂ ಅಂತ ಮನೆಯವರು ಕೇಳಿದರೆ ಉತ್ತರ ಇದು.

ಊಟವಿಲ್ಲದೆ ಹಾಸಿಗೆ ಹಿಡಿದು ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರು, ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದವರು, ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ತಪ್ಪಿಹೋದ ಕೂಸುಗಳು, ಇವರಲ್ಲಿ ವಿಟಮಿನ್ ಕೆ ಕೊರತೆ ಮೊದಲು ನೆನಪಾಗಬೇಕು. ಡಾಕ್ಟರ್ ವಿಟಮಿನ್ ಕೆ ಕೊಟ್ಟು ಮಾರನೇ ದಿನ ಪಿಟಿ ನೋಡುತ್ತಾರೆ. ಇಳಿದರೆ ಕೊರತೆಯೇ ಕಾರಣ. ಇಳಿಯದಿದ್ದರೆ ಲಿವರ್ ಸ್ವತಃ ಫ್ಯಾಕ್ಟರ್ ಮಾಡುತ್ತಿಲ್ಲ. ಈ ಇಂಜೆಕ್ಷನ್ನಿಗೆ ಅಪರೂಪಕ್ಕೆ ಜೋರು ಅಲರ್ಜಿ ಆಗುತ್ತದೆ, ಆಸ್ಪತ್ರೆಯಲ್ಲೇ ನಿಧಾನವಾಗಿ ಕೊಡಬೇಕು.

ಇನ್ನು ಹುಟ್ಟಿನಿಂದಲೇ ಫ್ಯಾಕ್ಟರ್ 7 ಕಮ್ಮಿ ಇರುವವರು. ಲೋಕದಲ್ಲಿ ಸುಮಾರು 5 ಲಕ್ಷಕ್ಕೆ ಒಬ್ಬರು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣಿಸುತ್ತದೆ, ಆದ್ದರಿಂದ ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ತಂದ ಮನೆಗಳಲ್ಲಿ ಹೆಚ್ಚು. ಮೂಗಿನಲ್ಲಿ ರಕ್ತ, ವಸಡಿನಲ್ಲಿ ರಕ್ತ, ಮುಟ್ಟಿನಲ್ಲಿ ವಿಪರೀತ ಸ್ರಾವ ಇದರ ಗುರುತು. ಫ್ಯಾಕ್ಟರ್ ಪ್ರಮಾಣಕ್ಕೂ ರಕ್ತಸ್ರಾವಕ್ಕೂ ನೇರ ಸಂಬಂಧ ಇಲ್ಲ. ತೀರಾ ಕಮ್ಮಿ ಇದ್ದವರೂ ಕೆಲವರು ಆರಾಮಾಗಿರುತ್ತಾರೆ. ಕೆಲವರ ಫ್ಯಾಕ್ಟರ್ 7 ಮೊಲದ ಟಿಶ್ಯೂ ಫ್ಯಾಕ್ಟರ್ ಜೊತೆ ಸರಿಯಾಗಿ ಸೇರುವುದಿಲ್ಲ, ಬೇರೆ ಮೂಲದ್ದರ ಜೊತೆ ಚೆನ್ನಾಗಿ ಸೇರುತ್ತದೆ. ರಕ್ತಸ್ರಾವದ ಇತಿಹಾಸವೇ ಇಲ್ಲದೆ ಪಿಟಿ ಮಾತ್ರ ಉದ್ದ ಇದ್ದರೆ, ಬೇರೆ ಮೂಲದ ರೀಏಜೆಂಟಿನಲ್ಲಿ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಕೊರತೆಯಾ, ತಡೆಯುವ ವಸ್ತುವಾ ಅಂತ ತಿಳಿಯಲು ರೋಗಿಯ ಪ್ಲಾಸ್ಮಾ ಒಂದು ಭಾಗ, ಹಲವು ಆರೋಗ್ಯವಂತರ ಪ್ಲಾಸ್ಮಾ ಸೇರಿಸಿದ್ದು ಒಂದು ಭಾಗ ಬೆರೆಸಿ ಪಿಟಿ ಮಾಡಿ. ಸರಿಹೋದರೆ ಕೊರತೆ. ಸರಿಹೋಗದಿದ್ದರೆ ಏನೋ ತಡೆಯುತ್ತಿದೆ. ಆಗ ಮೊದಲು ಮಾತ್ರೆಗಳ ಪಟ್ಟಿ ನೋಡಿ, ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ರಿವಾರೊಕ್ಸಬಾನ್ ಕೂಡ ಪಿಟಿ ಉದ್ದ ಮಾಡುತ್ತದೆ.

ಪಿಟಿ, ಎಪಿಟಿಟಿ ಎರಡೂ ಜಾಸ್ತಿ

ಈಗ ವಿಷಯ ಗಂಭೀರ. ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ ತಕ್ಷಣ ಮಾಡಿ.

ಎರಡೂ ಸರಿ ಇದ್ದರೆ ವಿಟಮಿನ್ ಕೆ ಕೊರತೆ ತೀರಾ ಜಾಸ್ತಿ ಆಗಿರಬಹುದು, ವಾರ್ಫರಿನ್ ಅತಿಯಾಗಿರಬಹುದು. ಇಲಿ ಪಾಷಾಣ ಹೊಟ್ಟೆಗೆ ಹೋಗಿದೆಯಾ ಅಂತ ಮನೆಯವರನ್ನು ಪಕ್ಕಕ್ಕೆ ಕರೆದು, ಮೆತ್ತಗೆ ಕೇಳಿ. ಕೆಲವು ಇಲಿ ಪಾಷಾಣಗಳು ವಾರ್ಫರಿನ್ ಜಾತಿಯವು, ವಾರಗಟ್ಟಲೆ ಮೈಯಲ್ಲಿ ಉಳಿಯುತ್ತವೆ. ಇನ್ನು ಕೆಲವು ಲಿವರನ್ನೇ ಸುಡುತ್ತವೆ. ಮೊದಲ ದಿನ ಪಿಟಿ ಸರಿ ಬಂತು ಅಂತ ಮನೆಗೆ ಕಳಿಸುವುದು ಎರಡರಲ್ಲೂ ಅಪಾಯ.

ಪ್ಲೇಟ್‌ಲೆಟ್ ಇಳಿಯುತ್ತಿದ್ದು, ಫೈಬ್ರಿನೋಜನ್ನೂ ಇಳಿಯುತ್ತಿದ್ದು, ಡಿ-ಡೈಮರ್ (ಹೆಪ್ಪು ಕರಗಿದಾಗ ಉಳಿಯುವ ಚೂರು) ಏರಿದ್ದರೆ ಡಿಐಸಿ, ಅಂದರೆ ಮೈಯೆಲ್ಲ ಹೆಪ್ಪುಗಟ್ಟಿ ಫ್ಯಾಕ್ಟರ್‌ಗಳು ಖರ್ಚಾಗುವ ಸ್ಥಿತಿ. ಇದರಲ್ಲಿ ಟಿಶ್ಯೂ ಫ್ಯಾಕ್ಟರ್ ಇರಬಾರದ ಕಡೆ ಬಂದಿರುತ್ತದೆ. ಮೈಗೆಲ್ಲ ಸೋಂಕು ಹರಡಿದಾಗ ಬಿಳಿ ರಕ್ತಕಣಗಳಲ್ಲಿ ಮೊನೊಸೈಟ್‌ಗಳು ತಮ್ಮ ಮೈಮೇಲೇ ಟಿಶ್ಯೂ ಫ್ಯಾಕ್ಟರ್ ತೋರಿಸಲು ಶುರು ಮಾಡುತ್ತವೆ. ಹೆರಿಗೆಗೆ ಮುಂಚೆಯೇ ಮಾಸು ಬಿಟ್ಟುಕೊಂಡರೆ ಅದರಲ್ಲಿರುವ ಟಿಶ್ಯೂ ಫ್ಯಾಕ್ಟರ್ ತಾಯಿಯ ರಕ್ತಕ್ಕೆ ಸೇರುತ್ತದೆ. ತಲೆಗೆ ದೊಡ್ಡ ಪೆಟ್ಟಾದಾಗ ಮಿದುಳಿನದ್ದು ಬರುತ್ತದೆ. ಗಾಯವೇ ಇಲ್ಲದ ಕಡೆ ಸಾವಿರಾರು ಸಣ್ಣ ಹೆಪ್ಪುಗಳಾಗಿ, ಫ್ಯಾಕ್ಟರ್‌ಗಳು ಖಾಲಿಯಾಗಿ, ಕೊನೆಗೆ ಸೂಜಿ ಚುಚ್ಚಿದ ಜಾಗದಲ್ಲೂ ರಕ್ತ ನಿಲ್ಲುವುದಿಲ್ಲ.

ಒಂದು ಸಲದ ನಂಬರಿಗಿಂತ ಕೆಲವು ಗಂಟೆಗೊಮ್ಮೆ ಮಾಡಿದ ನಂಬರ್‌ಗಳ ದಿಕ್ಕು ಮುಖ್ಯ. ಬಸುರಿಯಲ್ಲಿ ಇನ್ನೊಂದು ಎಚ್ಚರ. ಸಾಮಾನ್ಯರಿಗೆ ಫೈಬ್ರಿನೋಜನ್ ಒಂದು ಡೆಸಿಲೀಟರಿಗೆ 200ರಿಂದ 400 ಮಿಲಿಗ್ರಾಂ. ತುಂಬು ಬಸುರಿಯಲ್ಲಿ ಅದು ಮೇಲೇ ಇರಬೇಕು. ಹೆರಿಗೆಯ ರಕ್ತಸ್ರಾವದಲ್ಲಿ 200 ಬಂದರೆ ರಿಪೋರ್ಟಿನಲ್ಲಿ ಸರಿ ಅಂತ ಕಾಣುತ್ತದೆ, ನಿಜಕ್ಕೂ ಅದು ಅಪಾಯದ ಗಂಟೆ. ಲೇಬರ್ ವಾರ್ಡಿಗೆ ನೀವೇ ಫೋನ್ ಮಾಡಿ ಹೇಳಿ.

ವಿಟಮಿನ್ ಕೆ ಕೊರತೆ, ಲಿವರ್, ಡಿಐಸಿ, ಈ ಮೂರರಲ್ಲಿ ಯಾವುದು ಅಂತ ಇನ್ನೂ ಗೊಂದಲವಿದ್ದರೆ ಫ್ಯಾಕ್ಟರ್ 5, 7, 8 ಮೂರನ್ನೂ ಅಳೆಸಬಹುದು. ಫ್ಯಾಕ್ಟರ್ 5 ಲಿವರಿನಲ್ಲಿ ಆಗುತ್ತದೆ, ಅದಕ್ಕೆ ವಿಟಮಿನ್ ಕೆ ಬೇಕಿಲ್ಲ. 7 ಮಾತ್ರ ಕಮ್ಮಿ ಇದ್ದರೆ ವಿಟಮಿನ್ ಕೆ ಕೊರತೆ. 5, 7 ಎರಡೂ ಕಮ್ಮಿ ಇದ್ದು 8 ಸರಿ ಅಥವಾ ಜಾಸ್ತಿ ಇದ್ದರೆ ಲಿವರ್. ಮೂರೂ ಕಮ್ಮಿ ಇದ್ದರೆ ಡಿಐಸಿ ಕಡೆ ವಾಲುತ್ತದೆ.

ಗಾಜಿನ ಟ್ಯೂಬಿನಲ್ಲಿ ರಕ್ತ ಹೆಪ್ಪಾಗುತ್ತಲೇ ಇಲ್ಲ

ಹಾವು ಕಚ್ಚಿದವರು ಬಂದಾಗ ಪಿಟಿ ಮಷೀನ್ ಬೇಕಾಗಿಲ್ಲ. ಒಣಗಿದ, ಹೊಸ, ಏನೂ ಹಾಕದ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಓರೆ ಮಾಡಿ. ರಕ್ತ ನೀರಿನಂತೆ ಹರಿದರೆ ವಿಷ ಏರಿದೆ. ಪ್ಲಾಸ್ಟಿಕ್ ಟ್ಯೂಬ್ ಬೇಡ, ಸೋಪಿನಲ್ಲಿ ತೊಳೆದದ್ದೂ ಬೇಡ. ಈ ಪರೀಕ್ಷೆ ಗಾಜು ತಾಗಿ ಹೆಪ್ಪುಗಟ್ಟುವುದನ್ನು ನೆಚ್ಚಿಕೊಂಡಿದೆ, ಎರಡರಲ್ಲೂ ಆರೋಗ್ಯವಂತರ ರಕ್ತವೂ ಹೆಪ್ಪಾಗದೆ ಉಳಿಯಬಹುದು.

ಕೊಳಕು ಮಂಡಲದ ವಿಷ ಟಿಶ್ಯೂ ಫ್ಯಾಕ್ಟರಿಗೆ ಕಾಯುವುದಿಲ್ಲ. ನೇರವಾಗಿ ಫ್ಯಾಕ್ಟರ್ 10 ಮತ್ತು 5ನ್ನು ಎಬ್ಬಿಸುತ್ತದೆ. ಗರಗಸ ಮಂಡಲದ್ದು ಇನ್ನೂ ಕೆಳಗಿಳಿದು ಪ್ರೋಥ್ರಾಂಬಿನ್ನನ್ನೇ ಎಬ್ಬಿಸುತ್ತದೆ. ಫೈಬ್ರಿನೋಜನ್ ಪೂರಾ ಕರಗಿಹೋಗುತ್ತದೆ. ಇದಕ್ಕೆ ಮದ್ದು ಹಾವಿನ ವಿಷ ಇಳಿಸುವ ಇಂಜೆಕ್ಷನ್ (ಪ್ರತಿವಿಷ). ಬರೀ ಪ್ಲಾಸ್ಮಾ ಸುರಿದರೆ ವಿಷ ಅದನ್ನೂ ತಿನ್ನುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ಲಿವರ್ ಹೊಸ ಫ್ಯಾಕ್ಟರ್ ಮಾಡಿಕೊಳ್ಳಲು ಹೊತ್ತು ಬೇಕು, ಅದಕ್ಕೇ 6 ಗಂಟೆಗೊಮ್ಮೆ ಪರೀಕ್ಷೆ. ಮಲೆನಾಡಿನ ಕಡೆ ತೋಟದಲ್ಲಿ ಸಿಗುವ, ಮೂತಿ ಮೇಲೆತ್ತಿದ ಗುಳಿ ಮಂಡಲಕ್ಕೆ ನಮ್ಮ ದೇಶದ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಇಂಜೆಕ್ಷನ್ ಕೊಟ್ಟೂ ಹೆಪ್ಪಾಗದಿದ್ದರೆ ಇದನ್ನು ನೆನಪಿಡಿ, ದೊಡ್ಡ ಆಸ್ಪತ್ರೆಗೆ ಬೇಗ ಕಳಿಸಿ.

ಕಚ್ಚಿದ ಜಾಗ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕು, ಖಾಸಗಿಯವರೂ ಸೇರಿ.

ಪಿಟಿ ಸರಿ ಬಂದಿದೆ, ರಕ್ತ ಮಾತ್ರ ನಿಲ್ಲುತ್ತಿಲ್ಲ

ಇಲ್ಲಿ ಮೋಸ ಹೋಗುವುದು ಸುಲಭ. ಹಲ್ಲು ಕೀಳಿಸಿದ ಮೇಲೆ ಎರಡು ದಿನ ರಕ್ತ ಒಸರುತ್ತಿರುವ ಹುಡುಗನ ಪಿಟಿ 12 ಸೆಕೆಂಡ್ ಇರಬಹುದು. ಹಿಮೋಫಿಲಿಯಾ (ಹುಟ್ಟಿನಿಂದ ಬರುವ ರಕ್ತಸ್ರಾವದ ಕಾಯಿಲೆ) ಇದ್ದರೆ ಕಮ್ಮಿ ಇರುವುದು ಫ್ಯಾಕ್ಟರ್ 8 ಅಥವಾ 9. ಪಿಟಿಯಲ್ಲಿ ನಾವು ಟಿಶ್ಯೂ ಫ್ಯಾಕ್ಟರನ್ನು ಅಷ್ಟೊಂದು ಸುರಿದಿರುವುದರಿಂದ ಫ್ಯಾಕ್ಟರ್ 10 ನೇರವಾಗಿ ಎದ್ದುಬಿಡುತ್ತದೆ, 8 ಮತ್ತು 9ರ ಅಗತ್ಯವೇ ಬೀಳುವುದಿಲ್ಲ. ಮೈಯೊಳಗೆ ಹಾಗಲ್ಲ. ಅಲ್ಲಿ ಟಿಎಫ್‌ಪಿಐ ಬಂದು ನಿಲ್ಲಿಸಿದ ಮೇಲೆ ಕೆಲಸ ಮುಂದುವರಿಸಬೇಕಾದ್ದು 8 ಮತ್ತು 9. ಎಪಿಟಿಟಿ ಮಾಡಿ, ಉದ್ದ ಬರುತ್ತದೆ. ಗಂಡು ಮಗು ಅಂಬೆಗಾಲಿಡಲು ಶುರು ಮಾಡಿದಾಗ ಮೊಣಕಾಲು ಊದಿಕೊಂಡರೆ, ಸೋದರಮಾವನಿಗೂ ಹೀಗಿತ್ತು ಅಂತ ತಾಯಿ ಹೇಳಿದರೆ, ಎಪಿಟಿಟಿ ಬಾರದೆ ಯಾವ ಇಂಜೆಕ್ಷನ್ನನ್ನೂ ಮಾಂಸಕ್ಕೆ ಚುಚ್ಚಬೇಡಿ, ಆಸ್ಪಿರಿನ್ ಕೊಡಬೇಡಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಕಡೆ ಇಂಥ ಮನೆಗಳಿಗೆ ದಾರಿ ತೋರಿಸುವವರಿದ್ದಾರೆ.

ಪಿಟಿ, ಎಪಿಟಿಟಿ, ಪ್ಲೇಟ್‌ಲೆಟ್ ಮೂರೂ ಸರಿ, ಕೂಸಿನ ಹೊಕ್ಕುಳು ಮಾತ್ರ ದಿನಗಟ್ಟಲೆ ಒಸರುತ್ತಿದೆ ಅಂದರೆ ಫ್ಯಾಕ್ಟರ್ 13 ನೆನಪಿಸಿಕೊಳ್ಳಿ. ಫೈಬ್ರಿನ್ ದಾರಗಳನ್ನು ಒಂದಕ್ಕೊಂದು ಬಿಗಿಯುವುದು ಅದೇ. ಅದಿಲ್ಲದ ಹೆಪ್ಪನ್ನು ಯೂರಿಯಾ ದ್ರಾವಣದಲ್ಲಿ ಹಾಕಿಟ್ಟರೆ ಕರಗಿಹೋಗುತ್ತದೆ. ದೊಡ್ಡ ಲ್ಯಾಬ್‌ಗಳು ಇದನ್ನು ಮಾಡುತ್ತವೆ. ಈ ಮಕ್ಕಳಿಗೆ ಮಿದುಳಿನಲ್ಲಿ ರಕ್ತಸ್ರಾವದ ಭಯ ಜಾಸ್ತಿ, ಆದ್ದರಿಂದ ನಾಳೆ ನೋಡೋಣ ಅನ್ನಬೇಡಿ.

ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ, ಮೂಗಿನ ರಕ್ತ ಜಾಸ್ತಿ ಇದ್ದರೆ ಪ್ಲೇಟ್‌ಲೆಟ್ ಅಥವಾ ವಾನ್ ವಿಲೆಬ್ರಾಂಡ್ ಅನ್ನೋ ಪ್ರೋಟೀನಿನ ಕಡೆ ಹುಡುಕಬೇಕು. ಅದು ಬೇರೆಯದೇ ದಾರಿ.

ಬೇರೆ ಲ್ಯಾಬಿಗೆ ಕಳಿಸುವಾಗ

ಫ್ಯಾಕ್ಟರ್ ಅಳತೆಗೆ ಪ್ಲಾಸ್ಮಾ ಕಳಿಸುವುದಾದರೆ ಒಮ್ಮೆ ಸೆಂಟ್ರಿಫ್ಯೂಜ್ ಮಾಡಿದ ಪ್ಲಾಸ್ಮಾವನ್ನು ಬೇರೆ ಪ್ಲಾಸ್ಟಿಕ್ ಟ್ಯೂಬಿಗೆ ಹಾಕಿ ಮತ್ತೊಮ್ಮೆ ತಿರುಗಿಸಿ. ಮೇಲಿನ ಭಾಗವನ್ನಷ್ಟೇ ತೆಗೆದು ಫ್ರೀಜ್ ಮಾಡಿ, ದಾರಿಯಲ್ಲಿ ಕರಗದಂತೆ ಕಳಿಸಿ. ಅರ್ಧ ಕರಗಿ ಮತ್ತೆ ಗಟ್ಟಿಯಾದದ್ದು ಬೇಡ. ಚೀಟಿಯಲ್ಲಿ ರಕ್ತ ತೆಗೆದ ಗಂಟೆ, ನುಂಗುತ್ತಿರುವ ಮಾತ್ರೆಗಳು, ಪ್ಲಾಸ್ಮಾ ಅಥವಾ ವಿಟಮಿನ್ ಕೆ ಕೊಟ್ಟಿದ್ದರೆ ಯಾವಾಗ, ಹೆಮಟೊಕ್ರಿಟ್ ಎಷ್ಟು, ನಿಮ್ಮಲ್ಲಿ ಬಂದ ಪಿಟಿ ಎಷ್ಟು, ಯಾವ ಥ್ರಾಂಬೋಪ್ಲಾಸ್ಟಿನ್ ಬಳಸಿದಿರಿ, ಬೆರೆಸಿ ಮಾಡಿದ ಪರೀಕ್ಷೆಯಲ್ಲಿ ಸರಿಹೋಯಿತಾ ಅಂತ ಬರೆಯಿರಿ. ಬರೀ "ಪಿಟಿ ಜಾಸ್ತಿ" ಅಂತ ಬರೆದು ಕಳಿಸಿದರೆ ಅಲ್ಲಿಯವರೂ ಮತ್ತೆ ಟ್ಯೂಬಿನಿಂದಲೇ ಶುರು ಮಾಡಬೇಕಾಗುತ್ತದೆ, ರೋಗಿಯ ಒಂದು ದಿನ ಹೋಗುತ್ತದೆ.